ಒಂದೊಂದು ಮೂಟೆಗೂ ಕೇಳಿದವರು

ನಾನು ಓದು ನಿಲ್ಲಿಸಿದ್ದು ೨೦೦೪ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ. ತೂಕದಣ್ಣನ ಬೆರಳುಗಳನ್ನು ಹತ್ತಿರದಿಂದ ನೋಡಿದ್ದೂ ಅದೇ ವರ್ಷ. ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಮೊದಲ ಗೆಣ್ಣಿನವರೆಗೆ ಬೆಳ್ಳಗಿದ್ದವು. ಸುಣ್ಣ ತಿಂದು ತಿಂದು ಗೆರೆಗಳೆಲ್ಲ ಅಳಿಸಿಹೋಗಿ, ತೊಳೆದಿಟ್ಟ ಹುಣಸೆ ಬೀಜದ ಹಾಗೆ ನುಣ್ಣಗಾಗಿದ್ದವು. ಎಷ್ಟೋ ವರ್ಷದ ಮೇಲೆ ರೇಷನ್ ಅಂಗಡಿಗೆ ಬೆರಳೊತ್ತುವ ಮಿಷಿನ್ನು ಬಂದಾಗ ಅದು ಅವರನ್ನು ಗುರುತು ಹಿಡಿಯಲೇ ಇಲ್ಲ. ಅಷ್ಟೊತ್ತಿಗೆ ಉಳಿದ ಬೆರಳುಗಳೂ ಸವೆದಿದ್ದವು; ಹತ್ತನ್ನೂ ಒಂದೊಂದಾಗಿ ಒತ್ತಿ ನೋಡಿದರಂತೆ. "ಊರವ್ರ ಕೈಯೆಲ್ಲ ಒರಸಿ ಒರಸಿ ನನ್ನ ಕೈಯೇ ಅಳಿಸೋಯ್ತು ಕಣ" ಎಂದು ನಗುತ್ತಾ ಮನೆಗೆ ಬಂದು ಹೆಂಡತಿಯನ್ನು ಕಳಿಸಿದರು.

ತಾಳವಾಡಿಯಿಂದ ಪಣಕಹಳ್ಳಿಗೆ ಹೋಗುವ ದಾರಿಯಲ್ಲಿರುವ ನಮ್ಮ ತರಕಾರಿ ಶೆಡ್ಡಿನಲ್ಲಿ ತೂಕ ಹಾಕುವುದು ಅವರ ಕೆಲಸ. ಸುತ್ತಲಿನ ಹೊಲಗಳಿಂದ ಕೋಸು, ಬೀಟ್‌ರೂಟು, ಆಲೂಗಡ್ಡೆ ಬಂದು ಬೀಳುತ್ತಿತ್ತು. ಸಂಜೆಯೊಳಗೆ ಲಾರಿ ತುಂಬಿ ದಿಂಬಂ ಘಾಟಿನ ತಿರುವುಗಳನ್ನು ಇಳಿದು ಸತ್ಯಮಂಗಲ ಸೇರಬೇಕು. ಹಾಗಾಗಿ ಬೆಳಗಿನಿಂದ ಎಲ್ಲರಿಗೂ ಆತುರ. ಆತುರವಿಲ್ಲದವರು ತೂಕದಣ್ಣ ಒಬ್ಬರೇ.

ಅವರಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅದಕ್ಕೆ ಅವರೇ ಒಂದು ಪದ್ಧತಿ ಮಾಡಿಕೊಂಡಿದ್ದರು. ತಕ್ಕಡಿಯ ಪಕ್ಕ ಒಂದು ತಗಡಿನ ಡಬ್ಬಿ, ಅದರಲ್ಲಿ ನೆನೆಸಿದ ಸುಣ್ಣ. ಮೂಟೆ ತಕ್ಕಡಿಯ ಮೇಲೆ ಕೂತ ಮೇಲೆ, ಅದನ್ನು ಹೊತ್ತು ತಂದವರೇ ಸುಣ್ಣದಲ್ಲಿ ಬೆರಳದ್ದಿ ಚೀಲದ ಕೊರಳಿನ ಹತ್ತಿರ ತಮ್ಮ ಗುರುತು ಇಡಬೇಕು. ಒಬ್ಬರದು ಸುತ್ತು, ಒಬ್ಬರದು ಎರಡು ಗೆರೆ, ಒಬ್ಬರದು ಮೂರು ಬೊಟ್ಟು. ತೂಕದಣ್ಣ ಆ ಗುರುತನ್ನೇ ತಮ್ಮ ಪುಸ್ತಕದಲ್ಲಿ ಬಿಡಿಸಿ ಮುಂದೆ ತೂಕದ ಅಂಕಿ ಬರೆಯುತ್ತಿದ್ದರು. ಬರೆದಾದ ಮೇಲೆ ಒದ್ದೆ ಬಟ್ಟೆ ತೆಗೆದು ಆ ಮನುಷ್ಯನ ಬೆರಳನ್ನು ತಾವೇ ಹಿಡಿದು ಒರೆಸುತ್ತಿದ್ದರು. ಒಬ್ಬರ ಸುಣ್ಣ ಇನ್ನೊಬ್ಬರ ಚೀಲಕ್ಕೆ ಹತ್ತಬಾರದು. ಪ್ರತಿ ಮೂಟೆಗೂ ಇಷ್ಟೂ ಆಗಬೇಕು. ಹತ್ತು ಮೂಟೆ ತಂದವರಿಗೆ ಹತ್ತು ಸಲ.

ಅಪ್ಪನ ಬೀಟ್‌ರೂಟ್ ಮೂಟೆಯನ್ನು ತಲೆಯ ಮೇಲೆ ಹೊತ್ತು ನಾನು ಅಲ್ಲಿಗೆ ಮೊದಲು ಹೋದ ದಿನ, ಯಾರು ತಂದಿದ್ದು ಎಂದು ಕೇಳಿದರು. ಅಪ್ಪನ ಹೆಸರು ಹೇಳಿದೆ. ಅಪ್ಪ ಎಲ್ಲಿ ಎಂದರು. ಮನೆಯಲ್ಲಿ ಎಂದೆ.

"ಅಂಗಾರ ತಂದೋನು ನೀನು ಕಣ್ಲಾ. ಒಲ ಯಾರ್ದು ಅಂತ ನಾ ಕೇಳ್ನಿಲ್ಲ. ಎಸ್ರ ಬಾಯ್ಲಿ ಏಳ್ಬ್ಯಾಡ, ಕೈಲಿ ಮಡುಗು."

ನಾನು ಒಂದು ಚೌಕ ಬರೆದೆ. ಯಾಕೆ ಚೌಕ ಎಂದು ಆಗ ಯೋಚಿಸಲಿಲ್ಲ. ಶಾಲೆ ಬಿಟ್ಟು ಇನ್ನೂ ಇಪ್ಪತ್ತು ದಿನ ಆಗಿರಲಿಲ್ಲ, ಸ್ಲೇಟು ಕಣ್ಣಲ್ಲೇ ಇತ್ತೋ ಏನೋ. ಅವರು ಪುಸ್ತಕದಲ್ಲಿ ಹೊಸ ಹಾಳೆ ತಿರುವಿ ನನ್ನ ಚೌಕವನ್ನು ಎಲ್ಲಕ್ಕಿಂತ ಮೇಲೆ ಬಿಡಿಸಿದರು. ಹಾಜರಿ ಪುಸ್ತಕದಿಂದ ಹೆಸರು ಹೊಡೆಸಿಕೊಂಡು ಬಂದವನಿಗೆ ಇನ್ನೊಂದು ಪುಸ್ತಕದಲ್ಲಿ ಜಾಗ ಸಿಕ್ಕಿತು.

ಒದ್ದೆ ಬಟ್ಟೆಯದೂ ಒಂದು ಕತೆ ಇದೆ. ಕೂಲಿಯವರ ಬೆರಳು ಒರೆಸಿದ ಬಟ್ಟೆಯಲ್ಲೇ ತಮ್ಮ ಬೆರಳನ್ನೂ ಒರೆಸುತ್ತಾರೆ ಎಂದು ಜಮೀನಿರುವ ಕೆಲವರಿಗೆ ಮುಜುಗರ. ಒಬ್ಬ ಯಜಮಾನರು ಒಂದು ದಿನ ಮನೆಯಿಂದ ಬೇರೆ ಬಟ್ಟೆ ಮಡಿಸಿ ತಂದರು. ತೂಕದಣ್ಣ ಕೈಮುಗಿದು, "ಬಟ್ಟ ಬ್ಯಾರೆ ತಂದಿದ್ದೀರಿ, ಒಳ್ಳೇದಾಯ್ತು ಬುದ್ಧಿ. ನಾಳಕ ತಕ್ಕಡಿನೂ ಬ್ಯಾರೆ ತನ್ನಿ" ಎಂದರು. ಕೂತಿದ್ದವರೆಲ್ಲ ನಕ್ಕರು. ಯಜಮಾನರು ತಂದ ಬಟ್ಟೆಯಲ್ಲಿ ಹಣೆಯ ಬೆವರು ಒರೆಸಿಕೊಂಡು, ಬೆರಳು ಮುಂದೆ ಚಾಚಿದರು. ಹಣೆಯ ವಿಭೂತಿಯೂ ಅರ್ಧ ಅಳಿಸಿತ್ತು. ಆಮೇಲೆ ಆ ಮಾತು ಎದ್ದಿಲ್ಲ.

ನನ್ನ ಕತೆ ಉದ್ದ ಮಾಡುವುದಿಲ್ಲ. ಬೋರ್‌ವೆಲ್ ಲಾರಿಯಲ್ಲಿ ಆರು ವರ್ಷ ತಮಿಳುನಾಡೆಲ್ಲ ಸುತ್ತಿದೆ. ಈರೋಡಿನಲ್ಲಿ ಮೊಬೈಲ್ ರಿಪೇರಿ ಕಲಿತೆ, ಅಲ್ಲಿಂದ ಕಂಪ್ಯೂಟರ್ ರಿಪೇರಿ, ಅಲ್ಲಿಂದ ಪ್ರೋಗ್ರಾಂ ಬರೆಯುವುದು. ತಮಿಳಲ್ಲಿ ಹೇಳುವ ವಿಡಿಯೋ ನೋಡಿ, ಇಂಗ್ಲಿಷ್ ಪುಟಗಳನ್ನು ಒಂದೊಂದು ಪದ ಹುಡುಕಿ ಓದಿ ಕಲಿತೆ. ಯಾರೂ ಕೈಹಿಡಿದು ಕಲಿಸಲಿಲ್ಲ ಎಂದು ಹೇಳಿಕೊಳ್ಳುವುದು ನನ್ನ ಅಭ್ಯಾಸ. ಅದು ಪೂರ್ತಿ ನಿಜವಲ್ಲ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಿಗೆ ಬಂದು ತಾಳವಾಡಿಯಲ್ಲಿ ಅಂಗಡಿ ಇಟ್ಟ ಮೇಲೆ, ಶೆಡ್ಡು ನಡೆಸುವ ನಮ್ಮ ಬೆಳೆಗಾರರ ಸಂಘದ ಕಾರ್ಯದರ್ಶಿ ಶೆಡ್ಡಿಗೆ ಒಂದು ಪ್ರೋಗ್ರಾಂ ಮಾಡಿಕೊಡು ಎಂದು ಕೇಳಿದರು. ನಾಲ್ಕು ತಿಂಗಳು ಕೂತು ಮಾಡಿದೆ. ಬಾಗಿಲಲ್ಲಿ ಒಂದು ಟ್ಯಾಬು. ಸರಕು ತಂದವರು ತಮ್ಮ ನಂಬರು ಒತ್ತಿದರೆ ಹೆಸರು ಕಾಣುತ್ತದೆ. ತೂಕ ಹಾಕಿದಾಗ ತೂಗುವವರು ತಮ್ಮ ನಂಬರು, ಹೊಲದ ದಾಖಲೆಯ ಪಟ್ಟಾ ನಂಬರು, ತೂಕ ಮೂರನ್ನೂ ಒತ್ತಬೇಕು. ಚೀಟಿ ಬರುತ್ತದೆ, ಚೀಲಕ್ಕೆ ಅಂಟಿಸಬೇಕು. ಸರಕು ತಂದವರು ಯಾರು ಅನ್ನುವುದನ್ನು ಪ್ರೋಗ್ರಾಮೇ ಒಳಗೆ ಬರೆದುಕೊಳ್ಳುತ್ತದೆ. ಅದು ಚೀಟಿಯಲ್ಲಿ ಬರುವುದಿಲ್ಲ; ದುಡ್ಡಿನ ಲೆಕ್ಕ ನಡೆಯುವುದು ಪಟ್ಟಾ ನಂಬರಿನ ಮೇಲೆ, ಹಾಗಾಗಿ ಆ ಹೆಸರನ್ನು ಯಾರೂ ದಿನಾ ನೋಡುವುದಿಲ್ಲ.

ಒಳಗೆ ಬರೆದುಕೊಳ್ಳುವ ಆ ಹೆಸರೇ ನಮ್ಮ ಸಂಘಕ್ಕೆ ಮುಖ್ಯ. ಸಂಘ ಹುಟ್ಟಿದಾಗಿನಿಂದ ಒಂದು ನಿಯಮ ಇದೆ: ಪಟ್ಟಾ ಯಾರ ಹೆಸರಲ್ಲೇ ಇರಲಿ, ಒಂದು ವರ್ಷದಲ್ಲಿ ನಲವತ್ತು ದಿನ ಬೆಳೆ ತಂದವರು ಸದಸ್ಯರಾಗಬಹುದು. ಸದಸ್ಯರಾದರೆ ಉಳುವುದಕ್ಕೆ ಸಂಘದ ಟಿಲ್ಲರು ಸಿಗುತ್ತದೆ, ಸಭೆಯಲ್ಲಿ ಕೈ ಎತ್ತಬಹುದು. ಈ ನಿಯಮಕ್ಕಾಗಿ ಅವತ್ತು ಹಟ ಹಿಡಿದವರಲ್ಲಿ ತೂಕದಣ್ಣನೂ ಒಬ್ಬರು.

ಪ್ರೋಗ್ರಾಂ ಬಂದ ದಿನ ಕಾರ್ಯದರ್ಶಿ ಹಳೆ ಪುಸ್ತಕ ಮುಚ್ಚಿಸಿದರು. ಇನ್ನು ಸುಣ್ಣವೂ ಬೇಡ ಎಂದರು. ನಾನೂ ಹೂಂ ಎಂದೆ. ತೂಕದಣ್ಣ ಡಬ್ಬಿಯನ್ನು ತಕ್ಕಡಿಯ ಪಕ್ಕದಿಂದ ಎತ್ತಿ, ಹಿಂದಿನ ಗೋಡೆಯ ಬುಡದಲ್ಲಿಟ್ಟರು. ಮಾರನೆಯ ದಿನದಿಂದ ಸರಕು ತಂದವರೆಲ್ಲ ಚೀಟಿ ಅಂಟಿಸಿದ ಮೇಲೆ ಗೋಡೆಯ ಮೇಲೆ ತಮ್ಮ ಗುರುತಿನ ಕೆಳಗೆ ದಿನಕ್ಕೊಂದು ಗೆರೆ ಎಳೆಯತೊಡಗಿದರು. ಬೆರಳು ಒರೆಸುವುದೂ ನಿಲ್ಲಲಿಲ್ಲ. ನಾನು ಬಂದಾಗ ನೋಡಿ, ಮುದುಕರ ಚಟ ಬಿಡುವುದಿಲ್ಲ ಅಂದುಕೊಂಡೆ. ಅವರು ನನ್ನನ್ನು ಕಂಪೂಟ್ರಪ್ಪ ಎಂದು ಕರೆಯಲು ಶುರುಮಾಡಿದ್ದೂ ಆಗಲೇ.

ಒಂದು ವರ್ಷ ಕಳೆಯಿತು. ಭಾನುವಾರ ಸಂಘದ ವಾರ್ಷಿಕ ಸಭೆ ಅನ್ನುವಾಗ, ಗುರುವಾರ ನಾನು ಶೆಡ್ಡಿನಲ್ಲಿದ್ದಾಗ ಒಬ್ಬ ಅಕ್ಕ ಬಂದರು. ಅವರು ನಮ್ಮ ಬೀದಿಯವರೇ. ಇಪ್ಪತ್ತು ವರ್ಷ ಬೇರೆಯವರ ಹೊಲದಲ್ಲಿ ಕಳೆ ಕಿತ್ತು, ಎರಡು ವರ್ಷದಿಂದ ಒಂದು ಎಕರೆ ಗುತ್ತಿಗೆಗೆ ಹಿಡಿದು ಕೋಸು ಬೆಳೆಯುತ್ತಿದ್ದರು. ಆ ವರ್ಷ ಹೊಸದಾಗಿ ಸದಸ್ಯತ್ವ ಕೇಳಿದವರು ಅವರೊಬ್ಬರೇ. ಕಾರ್ಯದರ್ಶಿ ಅವರ ಪುಟ ತೆಗೆದು ನೋಡಿ, ನೀನು ಬಂದಿರುವುದು ಎರಡೇ ದಿನ, ಆಗುವುದಿಲ್ಲ ಎಂದು ಕಳಿಸಿದ್ದರು. ಕೂಲಿಗೆ ಹೋಗುವವರೆಲ್ಲ ಯಾವಾಗ ರೈತರಾದರು ಎಂದು ಅಲ್ಲಿದ್ದ ಇನ್ಯಾರೋ ಸೇರಿಸಿದ್ದರಂತೆ.

"ತಮ್ಮಯ್ಯ, ನಿನ್ನ ಮಿಷಿನ್ನು ನನ್ನ ಎರಡೇ ಸಲ ಕಂಡದಂತ" ಎಂದರು ಅಕ್ಕ. ದನಿ ಏರಿರಲಿಲ್ಲ.

ನಾನು ಹೇಳಿದ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಿಷಿನ್ನು ತಪ್ಪುವುದಿಲ್ಲ ಅಕ್ಕ, ನೀವು ನಂಬರು ಸರಿಯಾಗಿ ಒತ್ತಿರುವುದಿಲ್ಲ ಎಂದೆ. ಒತ್ತಿದ್ದೆ, ನನ್ನ ಹೆಸರೂ ತೋರಿಸಿತು ಎಂದರು ಅವರು. ಹಾಗಾದರೆ ಬೇರೆ ಏನೋ ಮಾಡಿರುತ್ತೀರಿ ಎಂದೆ. ಓದಿದವರು ನಮಗೆ ಹೀಗೆ ಹೇಳುವುದನ್ನು ಕೇಳಿ ಹಲ್ಲು ಕಚ್ಚಿದವನು ನಾನೇ. ಅದೇ ದನಿ ನನ್ನ ಬಾಯಲ್ಲೂ ಬಂದಿತ್ತು.

ತೂಕದಣ್ಣ ತಕ್ಕಡಿ ಬಿಟ್ಟು ಎದ್ದರು. ಒದ್ದೆ ಬಟ್ಟೆ ತಗೊಂಡು ಹೋಗಿ ಹಿಂದಿನ ಗೋಡೆಯ ಒಂದು ಮೂಲೆಯಲ್ಲಿ ನೇತುಬಿದ್ದಿದ್ದ ಜೇಡರ ಬಲೆ, ಧೂಳನ್ನು ಹುಷಾರಾಗಿ ಒತ್ತಿ ತೆಗೆದರು. ಕುಡುಗೋಲಿನ ಹಾಗೆ ಬಾಗಿದ ಅಕ್ಕನ ಗುರುತು. ಅದರ ಕೆಳಗೆ ಸಾಲು ಸಾಲು ಗೆರೆ.

"ಎಣಿಸ್ಲಾ ಕಂಪೂಟ್ರಪ್ಪ" ಎಂದರು.

ಎಣಿಸಿದೆ. ಅರವತ್ತಮೂರು. ಮತ್ತೆ ಎಣಿಸಿದೆ. ಅರವತ್ತಮೂರೇ.

ಲ್ಯಾಪ್‌ಟಾಪ್ ತೆರೆದು ಎಲ್ಲರ ಪಟ್ಟಿಯನ್ನೂ ಒಟ್ಟಿಗೆ ತೆಗೆದೆ. ಇಡೀ ವರ್ಷದಲ್ಲಿ ನಾನು ಹಾಗೆ ನೋಡಿದ್ದು ಅದೇ ಮೊದಲು. ಪಟ್ಟಿಯ ಪ್ರಕಾರ ಆ ವರ್ಷ ಶೆಡ್ಡಿಗೆ ಬಂದ ತರಕಾರಿಯಲ್ಲಿ ಹೆಚ್ಚು ಪಾಲು ತಂದವರು ಒಬ್ಬರೇ: ಹಿಂದೆ ಬೇರೆ ಬಟ್ಟೆ ತಂದಿದ್ದ ಯಜಮಾನರು. ಅವರಿಗೆ ಈಗ ಒಂದು ಟೆಂಪೋ ಇದೆ, ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಾರೆ. ಅವರು ಬಾರದ ದಿನ ಯಾರು ಮೊದಲು ಬಂದರೋ, ಆ ದಿನದ್ದೆಲ್ಲ ಅವರ ಹೆಸರಿಗೆ. ಅಕ್ಕ ಮೊದಲು ಬಂದದ್ದು ಎರಡು ದಿನ.

ಮಧ್ಯಾಹ್ನ ಲಾರಿ ಹೋದ ಮೇಲೆ ಶೆಡ್ಡು ಖಾಲಿಯಾಯಿತು. ಉಳಿದಿದ್ದ ಒಂದು ಆಲೂಗಡ್ಡೆ ಮೂಟೆಯ ಮೇಲೆ ಕೂತು ನನ್ನ ಪ್ರೋಗ್ರಾಂ ಓದುತ್ತಾ ಹೋದೆ. ನಮ್ಮ ಕೆಲಸ ಗೊತ್ತಿಲ್ಲದವರಿಗೆ ಹೀಗೆ ಹೇಳಬಹುದು. ಪ್ರೋಗ್ರಾಮಿಗೆ ಒಂದು ಬಾಗಿಲಿದೆ, ಒಂದು ಉಗ್ರಾಣವಿದೆ. ಜನ ನಂಬರು ಒತ್ತಿ ಲಾಗಿನ್ ಆಗುವುದು ಬಾಗಿಲಲ್ಲಿ. ಬರೆದಿಡುವುದು ಉಗ್ರಾಣದಲ್ಲಿ; ಅದಕ್ಕೆ ನಾವು ಡೇಟಾ ಲೇಯರ್ ಅನ್ನುತ್ತೇವೆ. ಬಾಗಿಲಲ್ಲಿ ಯಾರಿದ್ದಾರೆ ಎಂದು ಉಗ್ರಾಣಕ್ಕೆ ಕಾಣುವುದಿಲ್ಲ. ಯಾರಾದರೂ ಹೋಗಿ ಕೇಳಿ ಬಂದು ಹೇಳಬೇಕು. ನಾನು ಉಗ್ರಾಣಕ್ಕೆ ಒಬ್ಬ ಗುಮಾಸ್ತನನ್ನು ಇಟ್ಟಿದ್ದೆ ಅಂದುಕೊಳ್ಳಿ. ಬೆಳಿಗ್ಗೆ ಪ್ರೋಗ್ರಾಂ ಎದ್ದ ಮೇಲೆ, ಮೊದಲನೇ ಮೂಟೆ ಬಂದಾಗ ಅವನು ಬಾಗಿಲಿಗೆ ಹೋಗಿ ಯಾರೆಂದು ಕೇಳುತ್ತಿದ್ದ. ಆ ಹೆಸರನ್ನು ತಲೆಯಲ್ಲಿಟ್ಟುಕೊಂಡು ಬಂದು ಕೂತರೆ ಮತ್ತೆ ಏಳುತ್ತಿರಲಿಲ್ಲ. ಸಂಜೆಯವರೆಗೂ ಅದೇ ಹೆಸರು ಬರೆಯುತ್ತಿದ್ದ. ಅವನು ದಿನಕ್ಕೆ ಒಂದೇ ಸಲ ಕೇಳುವ ಹಾಗೆ ಬರೆದವನು ನಾನು. ಮಾಡುವಾಗ ಪರೀಕ್ಷೆ ಮಾಡಿದ್ದೂ ನಾನೊಬ್ಬನೇ. ನಾನೇ ಲಾಗಿನ್ ಆಗಿ, ನಾನೇ ನೂರು ಮೂಟೆ ಒತ್ತಿ ನೋಡಿದ್ದೆ. ನೂರಕ್ಕೂ ನನ್ನ ಹೆಸರೇ ಬಂದಿತ್ತು, ಸರಿಯಾಗಿದೆ ಅಂದುಕೊಂಡಿದ್ದೆ.

ತೂಕದಣ್ಣ ಎದುರಿಗೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಏನಾಗಿದೆ ಎಂದು ಅವರಿಗೆ ಈ ಗುಮಾಸ್ತನ ಕತೆಯನ್ನೇ ಹೇಳಿದೆ. ಪೂರ್ತಿ ಕೇಳಿ, ಎಲೆಯನ್ನು ಒಂದು ಕೆನ್ನೆಗೆ ದೂಡಿದರು.

"ಬೆಳಗ್ಗ ಒಂದು ಸಲ ಕೇಳ್ಕಂಡು ಕುಂತ್ಕಂಡ್ರೆ ಆಯ್ತದೇನ್ಲಾ? ಒಂದೊಂದು ಮೂಟಗೂ ಕೇಳ್ಬೇಕು. ಕೇಳಿ, ಬರ್ದು, ಕೈ ಒರಸ್ಬುಡಬೇಕು. ನಾನೇನು ಚಟಕ್ಕ ಒರಸ್ತಿದ್ನಾ?"

ಇದೇ ಮಾತನ್ನು ಆಮೇಲೆ ಎಷ್ಟೋ ಇಂಗ್ಲಿಷ್ ಪುಟಗಳಲ್ಲಿ ಓದಿದ್ದೇನೆ. ಲಾಗಿನ್ ಆದವರನ್ನು ಡೇಟಾ ಲೇಯರಿನಲ್ಲಿ ನೆನಪಿಟ್ಟುಕೊಳ್ಳಬೇಡ. ಕೇಳುವ ದಾರಿಯನ್ನು ಮಾತ್ರ ಇಟ್ಟುಕೋ. ಬರೆಯುವ ಪ್ರತಿ ಸಲವೂ ಹೊಸದಾಗಿ ಕೇಳು. ಬರೆದಾದ ಮೇಲೆ ಮರೆತುಬಿಡು. ನನಗೆ ಅರ್ಥವಾದದ್ದು ಮಾತ್ರ ಆ ಮೂಟೆಯ ಮೇಲೆ ಕೂತಾಗ. ತಿದ್ದಬೇಕಾಗಿದ್ದು ಹನ್ನೊಂದು ಸಾಲು. ಅಲ್ಲೇ ತಿದ್ದಿದೆ. ಈ ಸಲ ಒಬ್ಬನೇ ಪರೀಕ್ಷೆ ಮಾಡಲಿಲ್ಲ. ಅಕ್ಕನನ್ನು ಕರೆಸಿದೆ. ಅಕ್ಕ ಒಂದು, ನಾನು ಒಂದು, ಮತ್ತೆ ಅಕ್ಕ ಒಂದು, ಹೀಗೆ ಇಪ್ಪತ್ತು ಸಲ ಒತ್ತಿದೆವು. ತೂಕದಣ್ಣ ನಡುವೆ ಕೂತು, ಈಗ ಯಾರ ಹೆಸರು ಬಿತ್ತು ಎಂದು ಪ್ರತಿ ಸಲವೂ ಕೇಳಿದರು. ಇಪ್ಪತ್ತಕ್ಕೆ ಇಪ್ಪತ್ತು ಸರಿಬಂತು.

ಇನ್ನು ಹಳೆಯದು. ಅಕ್ಕ ಯಾವ ಯಾವ ದಿನ ನಂಬರು ಒತ್ತಿದರು ಅನ್ನುವುದು ಬಾಗಿಲಿನ ಬೇರೆ ಪಟ್ಟಿಯಲ್ಲಿತ್ತು. ಅದೂ ಗೋಡೆಯೂ ಒಂದಕ್ಕೊಂದು ಹೊಂದಿದವು. ಅರವತ್ತೊಂದು ದಿನ ಸರಿಮಾಡಬೇಕು. ಉಗ್ರಾಣಕ್ಕೇ ನೇರವಾಗಿ ಇಳಿದು ಹೆಸರು ಬದಲಾಯಿಸಿದರೆ ಒಂದು ನಿಮಿಷದ ಕೆಲಸ, ಯಾರಿಗೂ ತಿಳಿಯುವುದಿಲ್ಲ. ಅದನ್ನು ಹೇಳಿದಾಗ ತೂಕದಣ್ಣನ ಮುಖ ಗಂಟಿಕ್ಕಿತು.

"ಅಳಿಸ್ಬ್ಯಾಡ. ತಪ್ಪಿದ್ದು ಅಂಗೇ ಇರ್ಲಿ. ಪಕ್ಕದಲ್ಲಿ ಸರಿ ಬರಿ. ಯಾರು ತಿದ್ದುದ್ರು ಅಂತಾನೂ ಬರಿ."

ಶನಿವಾರ ಬೆಳಿಗ್ಗೆಯಿಂದ ಕೂತು ನನ್ನ ಹೆಸರಲ್ಲೇ ಲಾಗಿನ್ ಆಗಿ ಒಂದೊಂದು ದಿನವನ್ನೂ ತಿದ್ದಿದೆ. ತಿದ್ದಿದವರು ಯಾರು ಅನ್ನುವ ಕಡೆ ನನ್ನ ಹೆಸರನ್ನು ನಾನು ಬರೆಯಲಿಲ್ಲ. ಪ್ರೋಗ್ರಾಂ ಪ್ರತಿ ಸಲವೂ ಯಾರೆಂದು ಕೇಳಿಕೊಂಡು ತಾನೇ ಬರೆಯಿತು. ಅರವತ್ತೊಂದು ಸಲ. ಉಳಿದವರದ್ದನ್ನು ಮುಂದಿನ ವಾರ ತಿದ್ದಿದೆ.

ಆ ಶನಿವಾರ ಸಂಜೆ, ವಿಷಯ ತಿಳಿದು ಕಾರ್ಯದರ್ಶಿ ಅಂಗಡಿಗೆ ಬಂದರು. ಒಳ್ಳೆಯ ಮಾತಲ್ಲೇ ಹೇಳಿದರು. ನಾಳೆ ಗೆಟ್ಟವಾಡಿ ಕಡೆಯ ಶೆಡ್ಡಿನವರು ನಿನ್ನ ಪ್ರೋಗ್ರಾಂ ನೋಡಲು ಬರುತ್ತಿದ್ದಾರೆ, ಅವರ ಮುಂದೆ ಇದನ್ನೆಲ್ಲ ಎತ್ತಬೇಡ, ನಿನಗೂ ಹೊಸ ಕೆಲಸ ತಪ್ಪುತ್ತದೆ, ಆಯಮ್ಮನನ್ನು ಮುಂದಿನ ವರ್ಷ ಸೇರಿಸಿಕೊಳ್ಳೋಣ ಎಂದರು. ಸುಳ್ಳು ಹೇಳುವುದಿಲ್ಲ, ಆ ಮಾತು ನನ್ನೊಳಗೆ ಇಳಿಯಿತು. ಒಂಬತ್ತನೇ ಕ್ಲಾಸು ಬಿಟ್ಟವನು ಬರೆದದ್ದು, ಅದಕ್ಕೇ ಹೀಗೆ ಎಂದು ಜನ ಅನ್ನುವುದನ್ನು ನಾನು ಆಗಲೇ ಕೇಳಿಸಿಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಮುಂದಿನ ವರ್ಷ ಎಂಬ ಮಾತನ್ನು ಯೋಚಿಸಿದೆ. ಗುತ್ತಿಗೆ ಹೊಲ ಮುಂದಿನ ವರ್ಷವೂ ಅಕ್ಕನ ಕೈಯಲ್ಲಿರುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ?

ಭಾನುವಾರ ಸಭೆಯಲ್ಲಿ ಎದ್ದು ನಿಂತೆ. ತಪ್ಪು ನನ್ನದು, ನಂಬರು ಒತ್ತಿದವರದ್ದಲ್ಲ ಎಂದೆ. ಗುಮಾಸ್ತನ ಕತೆ ಹೇಳಿದೆ. ಪಟ್ಟಿಯನ್ನು ಗೋಡೆಗೆ ಅಂಟಿಸಿದೆ, ಕುಡುಗೋಲು ಗುರುತಿನ ಪಕ್ಕದಲ್ಲೇ. ಟೆಂಪೋ ಯಜಮಾನರು ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಮುಂದಿದ್ದ ಮೂಟೆಗಳ ಸಂಖ್ಯೆ ನೋಡಿದರು. ಹಿಂದಿನಿಂದ ಯಾರೋ, ಯಜಮಾನ್ರೇ, ಬಂಡೆ ಮೇಲೂ ಕೋಸು ಹಾಕಿದ್ರಾ ಎಂದರು. ಶೆಡ್ಡೆಲ್ಲ ನಗು.

ಯಜಮಾನರು ನಗಲಿಲ್ಲ. "ನಾ ತಂದದ್ದು ನಂಗ ಗೊತ್ತು. ಇನ್ನೊಬ್ರು ಬೆಳ್ದದ್ದ ನನ್ನ ತಲ ಮ್ಯಾಲ ಮಡುಗ್ಬ್ಯಾಡಿ. ಆಯಮ್ಮಂದು ಆಯಮ್ಮಂಗ ಬರೀರಿ" ಎಂದು ಕೂತರು.

ಅಕ್ಕನ ಹೆಸರು ಸದಸ್ಯರ ಪುಸ್ತಕಕ್ಕೆ ಏರಿತು. ಸಹಿ ಮಾಡಿ ಎಂದಾಗ ಅವರು ಪೆನ್ನು ಹಿಡಿದು ತೂಕದಣ್ಣನ ಕಡೆ ನೋಡಿದರು. ತೂಕದಣ್ಣ ಹೂಂ ಎಂದು ತಲೆಯಾಡಿಸಿದರು. ಅಕ್ಕ ಹೆಸರು ಬರೆದು, ಪಕ್ಕದಲ್ಲಿ ಒಂದು ಕುಡುಗೋಲನ್ನೂ ಬಿಡಿಸಿದರು. ಗೆಟ್ಟವಾಡಿಯವರು ಅವತ್ತು ನೋಡಿಕೊಂಡು ಹೋದರು. ಹದಿನೈದು ದಿನದ ಮೇಲೆ ಫೋನ್ ಮಾಡಿ, ಪ್ರೋಗ್ರಾಂ ನಮಗೂ ಬೇಕು, ಆ ಗೋಡೆಯನ್ನೂ ಸೇರಿಸಿ ಕೊಡುತ್ತೀರಾ ಎಂದರು. ತೂಕದಣ್ಣನಿಗೆ ಹೇಳಿದೆ. ಸುಣ್ಣ ಬೇಕಾದ್ರೆ ಕಳಿಸ್ತೀನಿ, ಗೋಡೆ ಅವರೇ ಕಟ್ಟಿಕೊಳ್ಳಲಿ ಎಂದರು.

ಕಳೆದ ವರ್ಷ ಪೊಂಗಲ್ ಮುಗಿದ ವಾರ ಅವರು ತೀರಿಕೊಂಡರು. ನಾಲ್ಕು ದಿನ ಎದೆನೋವು ಎಂದು ಮಲಗಿದ್ದರು, ಐದನೇ ದಿನ ಇಲ್ಲ. ಮಣ್ಣು ಹಾಕುವ ಮೊದಲು ಅವರ ಕೈ ನೋಡಿದೆ. ಹಾಗೇ ಬೆಳ್ಳಗಿತ್ತು.

ಹೊಸಬರು ತೂಕಕ್ಕೆ ಬಂದ ಮೇಲೆ, ತೂಕದಣ್ಣನ ನಂಬರನ್ನು ತೆಗೆದುಹಾಕು ಎಂದು ಕಾರ್ಯದರ್ಶಿ ಹೇಳಿದರು. ತೆಗೆದರೆ, ಅವರು ತೂಗಿದ ಪ್ರತಿ ಮೂಟೆಯ ಮುಂದೆ ತೂಗಿದವರು ಯಾರು ಅನ್ನುವ ಜಾಗ ಖಾಲಿಯಾಗುತ್ತದೆ. ನಾನು ತೆಗೆಯಲಿಲ್ಲ. ಆ ನಂಬರು ಒತ್ತಿ ಇನ್ನು ಯಾರೂ ಒಳಗೆ ಬರದ ಹಾಗೆ ಬಾಗಿಲು ಮಾತ್ರ ಮುಚ್ಚಿದೆ. ಉಗ್ರಾಣದಲ್ಲಿ ಅವರು ಬರೆದದ್ದೆಲ್ಲ ಅವರ ಹೆಸರಲ್ಲೇ ಇದೆ.

ಈಗ ನನ್ನಲ್ಲಿರುವುದು ಇಷ್ಟು. ತಾಳವಾಡಿಯಲ್ಲಿ ಒಂದು ಅಂಗಡಿ, ಮೂರು ಕಂಪ್ಯೂಟರು, ಒಂದು ಬೈಕು. ನನ್ನ ಪ್ರೋಗ್ರಾಂ ಓಡುವ ಏಳು ಶೆಡ್ಡು. ತೂಕದಣ್ಣನ ಹೆಂಡತಿ ಕರೆದು ಕೊಟ್ಟ ಒಂದು ಸುಣ್ಣದ ಡಬ್ಬಿ. ಅಕ್ಕನ ಪುಟದಲ್ಲಿ, ನನ್ನ ಹೆಸರಲ್ಲಿರುವ ಅರವತ್ತೊಂದು ತಿದ್ದುಪಡಿ.